ಲೂಯಿಸ್ ಸುವಾರೆಜ್ ಕುರಿತ ನಿಮ್ಮ ಲೇಖನ: ಸಂಪಾದಕರ ಉತ್ತರ

ನಮಸ್ಕಾರ.

ಸ್ಪೇನಿನ ಹಳೆಯ ತಲೆಮಾರಿನ ಫುಟ್‌ಬಾಲ್ ಆಟಗಾರ ಲೂಯಿಸ್ ಸುವಾರೆಜ್ ಮಿರಾಮೊಂಟೆಸ್ ಅವರನ್ನು ಕುರಿತು ನೀವು ಕಳುಹಿಸಿದ ‘ಮಿಡ್‌ಫೀಲ್ಡಿನ ಮಾಂತ್ರಿಕ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯದ ಆಯ್ಕೆ ಒಳ್ಳೆಯದಾದ್ದರಿಂದ ಒಂದು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಎರಡು ಪ್ಯಾರಾಗಳನ್ನು ತೆಗೆದುಹಾಕಿ. ಉರುಗ್ವೆಯ ಲೂಯಿಸ್ ಸುವಾರೆಜ್ 2014ರ ವಿಶ್ವಕಪ್‌ನಲ್ಲಿ ಇಟಲಿಯ ಆಟಗಾರನ ಭುಜ ಕಚ್ಚಿದ ಪ್ರಸಂಗಕ್ಕೂ 1935ರಲ್ಲಿ ಗಲಿಸಿಯಾ ಪ್ರಾಂತದ ಲಾ ಕೊರುನ್ಯಾದಲ್ಲಿ ಹುಟ್ಟಿದ ನಿಮ್ಮ ನಾಯಕನಿಗೂ ಹೆಸರನ್ನು ಬಿಟ್ಟರೆ ಬೇರೆ ನಂಟಿಲ್ಲ. ‘ಅವರಲ್ಲ, ಇವರು’ ಎಂದು ತಿಳಿಸಲು ಅರ್ಧ ವಾಕ್ಯ ಸಾಕಿತ್ತು.

ಅಲ್ಲಿಂದ ಮುಂದಕ್ಕೆ ಲೇಖನವು ಟ್ರೋಫಿಗಳ ಕಪಾಟಿನೆದುರು ನಿಂತು ಒಂದೊಂದೇ ಫಲಕವನ್ನು ಓದಿ ಹೇಳಿದಂತಿದೆ. ಬಾರ್ಸಿಲೋನಾದೊಂದಿಗೆ 1959 ಮತ್ತು 1960ರ ಲೀಗ್ ಪ್ರಶಸ್ತಿ, 1960ರ ಬ್ಯಾಲನ್ ಡೋರ್ (ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ), ಮಿಲಾನ್ ನಗರದ ಇಂಟರ್ ಕ್ಲಬ್ಬಿನಲ್ಲಿ ಮೂರು ಲೀಗ್ ಪ್ರಶಸ್ತಿ, 1964 ಮತ್ತು 1965ರ ಯುರೋಪಿಯನ್ ಕಪ್ (ಯುರೋಪಿನ ಚಾಂಪಿಯನ್ ಕ್ಲಬ್ಬುಗಳ ಟೂರ್ನಿ): ಎಲ್ಲವೂ ಸರಿಯಾಗಿಯೇ ಇವೆ. ಆದರೆ ಚೆಂಡು ಕಾಲಿಗೆ ಬಂದಾಗ ಈ ಮನುಷ್ಯ ಏನು ಮಾಡುತ್ತಿದ್ದರು ಎಂಬುದು ಇಡೀ ಬರಹದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ನೀವು ಆರಂಭದಿಂದ ಕೊನೆಯವರೆಗೂ ಅವರನ್ನು ‘ಮಿಡ್‌ಫೀಲ್ಡರ್’, ಅಂದರೆ ಮೈದಾನದ ನಡುಭಾಗದ ಆಟಗಾರ, ಎಂದೇ ಕರೆದಿದ್ದೀರಿ. ನನ್ನ ಮುಖ್ಯ ತಕರಾರು ಅಲ್ಲಿಯೇ ಇದೆ. ಬಾರ್ಸಿಲೋನಾದಲ್ಲಿ ಅವರು ಇನ್‌ಸೈಡ್ ಫಾರ್ವರ್ಡ್, ಅಂದರೆ ಐವರು ಆಕ್ರಮಣಕಾರರ ಸಾಲಿನಲ್ಲಿ ರೆಕ್ಕೆಯ ಆಟಗಾರನಿಗೂ ನಡುವಿನ ಫಾರ್ವರ್ಡ್‌ಗೂ ಮಧ್ಯೆ ನಿಂತು ಆಟ ಕಟ್ಟುತ್ತಲೇ ಗೋಲನ್ನೂ ಹೊಡೆಯಬೇಕಾದವರು. ಅಲ್ಲಿ ಅವರಿಗೆ ತರಬೇತುದಾರರಾಗಿದ್ದ ಎಲೆನಿಯೊ ಎರೆರಾ 1960ರಲ್ಲಿ ಇಂಟರ್‌ಗೆ ಹೋದರು, ಮರುವರ್ಷವೇ ಸುವಾರೆಜ್ ಅವರನ್ನೂ ಕರೆಸಿಕೊಂಡು ಮೈದಾನದಲ್ಲಿ ಬಹಳಷ್ಟು ಹಿಂದಕ್ಕೆ ನಿಲ್ಲಿಸಿದರು. ಇದಕ್ಕೆ ಕಾರಣವಿತ್ತು. ಇಂಟರ್‌ನ ರಕ್ಷಣಾ ಸಾಲು ತನ್ನ ಗೋಲಿನ ಹತ್ತಿರವೇ ಇರುತ್ತಿತ್ತು, ಅದರ ಬೆನ್ನಿಗೆ ಕಾವಲಾಗಿ ಅರ್ಮಾಂಡೊ ಪಿಕ್ಕಿ ಇರುತ್ತಿದ್ದರು. ಹಾಗಾಗಿ ಎದುರಾಳಿಯಿಂದ ಚೆಂಡನ್ನು ಕಸಿದುಕೊಂಡಾಗ ಅದು ಎದುರಿನ ಗೋಲಿನಿಂದ ಬಹುದೂರದಲ್ಲಿರುತ್ತಿತ್ತು. ಅಲ್ಲಿಂದ ಬಲಗಡೆ ಓಡುವ ಜೈರ್‌ಗೋ, ಮುಂದೆ ನುಗ್ಗುವ ಮಜ್ಜೋಲಾಗೋ, ಎಡ ರಕ್ಷಣೆಯಿಂದ ಏರಿಬರುವ ಫಾಕೆಟ್ಟಿಗೋ ಒಂದೇ ಉದ್ದ ಪಾಸಿನಲ್ಲಿ ಚೆಂಡು ಮುಟ್ಟಿಸುವವರು ಬೇಕಿತ್ತು. ಬ್ಯಾಲನ್ ಡೋರ್ ಗೆದ್ದ ಆಟಗಾರ ಗೋಲಿನ ಆಸೆಯನ್ನು ಅಷ್ಟಿಷ್ಟು ಬಿಟ್ಟುಕೊಟ್ಟು ಇಪ್ಪತ್ತಾರರ ವಯಸ್ಸಿನಲ್ಲಿ ಬೇರೆ ಕೆಲಸ ಕಲಿತದ್ದು ನಿಮ್ಮ ಲೇಖನದ ಹೃದಯವಾಗಬೇಕು. ನೀವು ಅದನ್ನು ‘ಇಟಲಿಯಲ್ಲೂ ಯಶಸ್ಸು ಮುಂದುವರಿಯಿತು’ ಎಂದು ಮೂರೇ ಪದಗಳಲ್ಲಿ ಮುಗಿಸಿದ್ದೀರಿ.

1960–61ರ ಋತುವನ್ನೂ ನೀವು ಅವಸರದಲ್ಲಿ ದಾಟಿದ್ದೀರಿ. ಯುರೋಪಿಯನ್ ಕಪ್ಪನ್ನು ಮೊದಲ ಐದೂ ಸಲ ಗೆದ್ದಿದ್ದ ರಿಯಲ್ ಮ್ಯಾಡ್ರಿಡ್ ತಂಡ ಆ ಟೂರ್ನಿಯಿಂದ ಮೊತ್ತಮೊದಲ ಬಾರಿಗೆ ಹೊರಬಿದ್ದದ್ದು ಬಾರ್ಸಿಲೋನಾದ ಕೈಯಲ್ಲಿ. ಮ್ಯಾಡ್ರಿಡ್‌ನಲ್ಲಿ 2–2ರಲ್ಲಿ ಮುಗಿದ ಮೊದಲ ಪಂದ್ಯದಲ್ಲಿ ಬಾರ್ಸಿಲೋನಾದ ಎರಡೂ ಗೋಲು ಸುವಾರೆಜ್ ಅವರವು, ಎರಡನೆಯದು ಪಂದ್ಯ ಮುಗಿಯುವ ಹೊತ್ತಿಗೆ ಸಿಕ್ಕ ಪೆನಾಲ್ಟಿಯಲ್ಲಿ ಬಂದದ್ದು. 1961ರ ಮೇ 31ರಂದು ಬರ್ನ್ ನಗರದ ವಾಂಕ್‌ಡೋರ್ಫ್ ಮೈದಾನದಲ್ಲಿ ನಡೆದ ಫೈನಲ್‌ನಲ್ಲಿ ಅದೇ ಬಾರ್ಸಿಲೋನಾ, ಚೆಂಡು ಮತ್ತೆ ಮತ್ತೆ ಗೋಲುಕಂಬಕ್ಕೆ ಬಡಿದು ಹಿಂದಿರುಗುವುದನ್ನು ನೋಡುತ್ತ, ಬೆನ್ಫಿಕಾಗೆ 3–2ರಿಂದ ಸೋತಿತು. ಆ ಕಂಬಗಳು ದುಂಡಾಗಿರದೆ ಚೌಕವಾಗಿದ್ದವು. ತಂಡದಲ್ಲಿದ್ದ ಹಂಗೇರಿಯ ಕೊಚಿಶ್ ಮತ್ತು ಝಿಬೋರ್ 1954ರ ವಿಶ್ವಕಪ್ ಫೈನಲನ್ನು ಅದೇ ಮೈದಾನದಲ್ಲಿ, ಅದೇ 3–2ರಿಂದ ಸೋತವರು. ಈ ಸಲ ಇಬ್ಬರೂ ಒಂದೊಂದು ಗೋಲು ಹೊಡೆದೂ ಸೋತರು. ಇಂಥ ಸಾಮಗ್ರಿ ಕೈಗೆ ಸಿಕ್ಕಿದರೆ ನಾನಾದರೂ ಲೇಖನವನ್ನು ಅಲ್ಲಿಂದಲೇ ಶುರುಮಾಡುತ್ತಿದ್ದೆ. ಅದೇ ಬೇಸಿಗೆಯಲ್ಲಿ ಇಂಟರ್ ಸುವಾರೆಜ್ ಅವರಿಗಾಗಿ ಕೊಟ್ಟದ್ದು 25 ಕೋಟಿ ಲಿರಾ, ಅಂದಿನ ಮಟ್ಟಿಗೆ ಜಗತ್ತಿನ ದಾಖಲೆ.

ಇನ್ನು ತಪ್ಪುಗಳ ವಿಚಾರ. ‘ಬ್ಯಾಲನ್ ಡೋರ್ ಗೆದ್ದ ಏಕೈಕ ಸ್ಪೇನಿಗ’ ಎಂಬ ಮಾತು ಈಗ ನಿಲ್ಲುವುದಿಲ್ಲ. ಅವರಿಗಿಂತ ಮೊದಲೇ ಗೆದ್ದಿದ್ದ ಡಿ ಸ್ಟೆಫಾನೊ ಹುಟ್ಟಿದ್ದು ಅರ್ಜೆಂಟೀನಾದಲ್ಲಿ. ಸ್ಪೇನಿನಲ್ಲೇ ಹುಟ್ಟಿ ಗೆದ್ದವರಲ್ಲಿ ಸುವಾರೆಜ್ ಮೊದಲಿಗರು, ಪುರುಷರಲ್ಲಿ ಎರಡನೆಯವರಾದ ರೋಡ್ರಿ 2024ರಲ್ಲಿ ಬಂದರು. ಮಹಿಳೆಯರಲ್ಲಿ ಪುಟೆಯಾಸ್ ಮತ್ತು ಬೊನ್ಮಾಟಿ ಆ ಹೊತ್ತಿಗಾಗಲೇ ಗೆದ್ದಿದ್ದರು.

1964ರ ಜೂನ್ 21ರಂದು ಸ್ಪೇನ್ ತಂಡ ಮ್ಯಾಡ್ರಿಡ್‌ನಲ್ಲಿ ಸೋವಿಯತ್ ಒಕ್ಕೂಟವನ್ನು 2–1ರಿಂದ ಸೋಲಿಸಿ ಯುರೋಪಿನ ರಾಷ್ಟ್ರತಂಡಗಳ ಪಟ್ಟ ಗೆದ್ದಾಗ ಮಾರ್ಸೆಲಿನೊ ಹೊಡೆದ ನಿರ್ಣಾಯಕ ಗೋಲಿಗೆ ಪಾಸ್ ಕೊಟ್ಟವರು ಅಮಾನ್ಸಿಯೊ ಎಂದು ಬರೆದಿದ್ದೀರಿ. ಅದು ನಿಮ್ಮೊಬ್ಬರ ತಪ್ಪಲ್ಲ. ಅಂದಿನ ಸರ್ಕಾರಿ ಸುದ್ದಿಚಿತ್ರ ‘ನೋ-ಡೊ’ ಬೇರೊಂದು ದೃಶ್ಯವನ್ನು ಅಲ್ಲಿಗೆ ಜೋಡಿಸಿ ತೋರಿಸಿದ್ದರಿಂದ ಸ್ಪೇನಿನವರೇ ದಶಕಗಳ ಕಾಲ ಹಾಗೆಂದು ನಂಬಿದ್ದರು. ನಿಜವಾಗಿ ಕೊಟ್ಟವರು ಪೆರೆಡಾ. ಇದನ್ನು ತಿದ್ದುವಾಗ, ಅದಕ್ಕೂ ನಾಲ್ಕು ವರ್ಷ ಮೊದಲು ಇದೇ ಸೋವಿಯತ್ ತಂಡದೊಂದಿಗೆ ಆಡಲು ಮಾಸ್ಕೋಗೆ ಹೋಗದಂತೆ ಕಮ್ಯುನಿಸ್ಟ್ ವಿರೋಧಿ ಸರ್ವಾಧಿಕಾರಿ ಫ್ರಾಂಕೊ ಅವರ ಸರ್ಕಾರ ಸ್ಪೇನ್ ತಂಡವನ್ನು ತಡೆದಿದ್ದನ್ನೂ ಸೇರಿಸಿ. ಅದಿಲ್ಲದೆ ಆ ಗೆಲುವಿನ ತೂಕ ಓದುಗರಿಗೆ ತಿಳಿಯದು. ಯುರೋಪಿಯನ್ ಕಪ್ ಗೆದ್ದು ಇನ್ನೂ ತಿಂಗಳು ತುಂಬದ ಸುವಾರೆಜ್‌ಗೆ ಅದು ಆ ಋತುವಿನ ಎರಡನೆಯ ಯುರೋಪಿಯನ್ ಕಿರೀಟ.

ಇಟಲಿಯ ಸಾಂಪ್‌ಡೋರಿಯಾ ಕ್ಲಬ್ಬಿನಲ್ಲಿ ಕಳೆದ ಕೊನೆಯ ವರ್ಷಗಳಿಗೆ ಒಂದು ವಾಕ್ಯ ಸಾಕು. ತರಬೇತುದಾರರಾಗಿ ಸ್ಪೇನ್ ತಂಡವನ್ನು 1990ರ ವಿಶ್ವಕಪ್‌ಗೆ ಒಯ್ದದ್ದಕ್ಕೆ ಇನ್ನೊಂದು, 2023ರ ಜುಲೈನಲ್ಲಿ ಮಿಲಾನ್‌ನಲ್ಲೇ ತೀರಿಕೊಂಡದ್ದಕ್ಕೆ ಮತ್ತೊಂದು. ‘ಇತಿಹಾಸದ ಪುಟಗಳಲ್ಲಿ ಸುವರ್ಣಾಕ್ಷರಗಳಿಂದ’ ಎಂಬ ಸಾಲು ಮೂರು ಕಡೆ ಬಂದಿದೆ, ಮೂರನ್ನೂ ನಾನೇ ಹೊಡೆದುಹಾಕಿದ್ದೇನೆ.

ತಿದ್ದಿದ ಪ್ರತಿ 1,200 ಪದಗಳನ್ನು ಮೀರದಿರಲಿ. ಮುಂದಿನ ತಿಂಗಳ 10ರೊಳಗೆ ಕೈಸೇರಿದರೆ ಮೊದಲು ನಾನೇ ಓದುತ್ತೇನೆ.

ಇಂತಿ,
ಸಂಪಾದಕ