ಸಂಪಾದಕರ ಉತ್ತರ: ‘ಟಾರ್ನಿಷ್’ ಎಂದರೆ ತುಕ್ಕು ಹಿಡಿಯುವುದಲ್ಲ

ಮಾನ್ಯರೇ,

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ತಾವು ನಮ್ಮ ಪತ್ರಿಕೆಗೆ ಎರಡು ಪ್ರಶ್ನೆಗಳನ್ನು ಕಳುಹಿಸಿದ್ದೀರಿ. ಹೊಳಪು ಕಳೆದು ಮಂಕಾಗು ಎಂಬರ್ಥದ ‘ಟಾರ್ನಿಷ್’ ಎಂಬ ಇಂಗ್ಲಿಷ್ ಪದವನ್ನು ಅನುವಾದಿಸುವಾಗ ಒಬ್ಬರು ‘ಸಂಸ್ಥೆಯ ಹೆಸರಿಗೆ ತುಕ್ಕು ಹಿಡಿಯಿತು’ ಎಂದು ಬರೆದಿದ್ದಾರೆ, ಇದು ಸರಿಯೇ ಎಂಬುದು ಮೊದಲನೆಯದು. ರಬ್ಬರ್ ಬ್ಯಾಂಡ್ ಸುತ್ತಿ ಬೀರುವಿನಲ್ಲಿಟ್ಟಿದ್ದ ಬೆಳ್ಳಿಯ ಕುಂಕುಮದ ಭರಣಿ ಹಬ್ಬಕ್ಕೆ ತೆಗೆಯುವಷ್ಟರಲ್ಲಿ ಕಪ್ಪಾಗಿತ್ತು, ಅದಕ್ಕೂ ‘ಟಾರ್ನಿಷ್’ ಎಂಬ ಪದ ಸಲ್ಲುತ್ತದೆಯೇ ಎಂಬುದು ಎರಡನೆಯದು. ಜೊತೆಗೆ ಭರಣಿಯನ್ನು ಬೆಳಗುವ ಕ್ರಮವನ್ನೂ ಕೇಳಿದ್ದೀರಿ. ಎರಡನೆಯದನ್ನು ಬಿಡಿಸಿದರೆ ಮೊದಲನೆಯದು ಸುಲಭವಾಗುವುದರಿಂದ ಭರಣಿಯಿಂದಲೇ ಆರಂಭಿಸುತ್ತೇನೆ.

ಭರಣಿಗೆ ಆ ಪದ ಖಂಡಿತವಾಗಿ ಸಲ್ಲುತ್ತದೆ. ಬೆಳ್ಳಿ ಸಾಮಾನ್ಯ ಉಷ್ಣತೆಯಲ್ಲಿ ಬರಿಯ ಆಮ್ಲಜನಕಕ್ಕೆ ಮಣಿಯುವ ಲೋಹವಲ್ಲ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡಿನಂಥ ಗಂಧಕದ ಅನಿಲಗಳು ತೇವದ ನೆರವಿನಿಂದ ಅದರ ಮೇಲ್ಮೈಯೊಡನೆ ವರ್ತಿಸಿ ಸಿಲ್ವರ್ ಸಲ್ಫೈಡಿನ ತೆಳುಪದರವನ್ನು ಉಂಟುಮಾಡುತ್ತವೆ. ಪದರ ತೀರ ತೆಳುವಾಗಿರುವಾಗ ಬೆಳ್ಳಿಗೆ ಹಳದಿಯ ಛಾಯೆ ಬಂದಂತೆ ಕಾಣುತ್ತದೆ. ದಪ್ಪವಾಗುತ್ತ ಹೋದಂತೆ ಅದು ಕಂದಾಗಿ, ನೇರಳೆ ಬೆರೆತ ನೀಲಿಯಾಗಿ, ಕೊನೆಗೆ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡ್ ತಾಗಿದ್ದ ಕಡೆ ಮಾತ್ರ ಗೆರೆ ಎಳೆದಂತೆ ಹೆಚ್ಚು ಕಪ್ಪಾಗಿದೆಯೇ ಎಂದು ದಯವಿಟ್ಟು ನೋಡಿ. ರಬ್ಬರನ್ನು ಹದಗೊಳಿಸುವಾಗ ಗಂಧಕ ಸೇರಿಸುತ್ತಾರೆ, ಬೆಳ್ಳಿಯನ್ನು ಕಪ್ಪಾಗಿಸುವುದು ಆ ಗಂಧಕವೇ. ಉಣ್ಣೆಯ ಬಟ್ಟೆಯಲ್ಲಿ ಸುತ್ತಿಟ್ಟರೂ, ಮೊಟ್ಟೆ ತಿಂದ ಚಮಚವನ್ನು ತೊಳೆಯದೆ ಬಿಟ್ಟರೂ ಇದೇ ಆಗುತ್ತದೆ. 925 ಎಂಬ ಮುದ್ರೆಯಿರುವ ಬೆಳ್ಳಿಯಲ್ಲಿ ಶೇಕಡ 92.5ರಷ್ಟು ಮಾತ್ರ ಬೆಳ್ಳಿಯಿದ್ದು, ಉಳಿದದ್ದು ಸಾಮಾನ್ಯವಾಗಿ ತಾಮ್ರವಾದ್ದರಿಂದ ಅದು ಶುದ್ಧ ಬೆಳ್ಳಿಗಿಂತ ಬೇಗ ಕಪ್ಪಾಗುತ್ತದೆ.

ಪದದ ಅರ್ಥದ ಎಲ್ಲೆಗಳು ಇಲ್ಲಿಯೇ ಗೋಚರವಾಗುತ್ತವೆ. ಮೊದಲು ಹೊಳಪು ಇದ್ದ ವಸ್ತುವಿಗೆ ಮಾತ್ರ ‘ಟಾರ್ನಿಷ್’ ಒಪ್ಪುತ್ತದೆ. ಹೀಗೆ ಮಸುಕಾಗುವುದು ಹೊರಗಿನಿಂದ ಮೆತ್ತಿಕೊಂಡ ಕೊಳೆಯಿಂದಲ್ಲ, ಆ ವಸ್ತುವಿನ ಮೇಲ್ಮೈಯೇ ಬದಲಾದುದರಿಂದ. ಆದಕಾರಣ ಕಲೆ ಎಂಬರ್ಥದ ‘ಸ್ಟೇನ್’ ಇದಕ್ಕೆ ಸಮಾನಪದವಾಗಲಾರದು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಕಂದಿದ ಪದರದ ಅಡಿಯಲ್ಲಿ ಮೂಲವಸ್ತು ಹಾಗೆಯೇ ಉಳಿದಿರುತ್ತದೆ. ಕಬ್ಬಿಣದ ತುಕ್ಕಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಉಬ್ಬಿ, ಪುಡಿಯಾಗಿ ಉದುರುತ್ತ, ನೀರು ಗಾಳಿಗಳಿಗೆ ಒಳದಾರಿ ಬಿಡುತ್ತದೆ. ತಡೆಯದಿದ್ದರೆ ಕಬ್ಬಿಣದ ಸಲಾಕೆಯನ್ನು ಪೂರ್ತಿಯಾಗಿ ತಿಂದುಹಾಕುತ್ತದೆ. ತಾಮ್ರದ ಮೇಲಿನ ಪದರವಾದರೋ ಎಷ್ಟೋ ವೇಳೆ ಒಳಗಿನ ಲೋಹವನ್ನು ಕಾಯುತ್ತದೆ. 1886ರಲ್ಲಿ ನ್ಯೂಯಾರ್ಕಿನಲ್ಲಿ ನಿಂತ ಲಿಬರ್ಟಿ ಪ್ರತಿಮೆಯ ತಾಮ್ರದ ಹೊದಿಕೆ ಮೊದಲು ತಾಮ್ರದ ಬಣ್ಣದಲ್ಲಿಯೇ ಇದ್ದು, ಕಾಲಕ್ರಮದಲ್ಲಿ ಹಸಿರಾಯಿತು. ಆ ಹೊದಿಕೆಯ ದಪ್ಪ ಎರಡೂವರೆ ಮಿಲಿಮೀಟರಿನಷ್ಟೂ ಇಲ್ಲ, ಆದರೂ ಅದು ಇಂದಿಗೂ ಉಳಿದಿದೆ. ಕಾಲ ತಂದ ಇಂಥ ಬಣ್ಣವನ್ನು ಮೆಚ್ಚಿ ಹೇಳುವಾಗ ಇಂಗ್ಲಿಷರು ‘ಪಟಿನಾ’ ಎನ್ನುತ್ತಾರೆಯೇ ಹೊರತು ‘ಟಾರ್ನಿಷ್’ ಎನ್ನುವುದಿಲ್ಲ. ‘ಟಾರ್ನಿಷ್’ ಎಂದಾಗ ಹೋದ ಹೊಳಪಿನ ಬಗ್ಗೆ ಒಂದಿಷ್ಟು ಬೇಸರ ಆ ಮಾತಿನಲ್ಲಿ ಸೇರಿಯೇ ಇರುತ್ತದೆ.

ಪದ ಬಂದದ್ದು ಫ್ರೆಂಚಿನಿಂದ. ಅಲ್ಲಿ ‘ತೆರ್ನ್’ ಎಂದರೆ ಮಂಕಾದ, ‘ತೆರ್ನಿರ್’ ಎಂದರೆ ಮಂಕಾಗಿಸು. 15ನೇ ಶತಮಾನದ ಇಂಗ್ಲಿಷಿನಲ್ಲಿ ಅದು ಕ್ರಿಯಾಪದವಾಗಿ ನೆಲೆಗೊಂಡಿತು. ನಾಮಪದವಾದದ್ದು ಬಹಳ ಕಾಲದ ಮೇಲೆ. ಕೊನೆಯ ‘ಇಷ್’ ಫಿನಿಷ್, ಪಾಲಿಷ್, ಪನಿಷ್ ಮುಂತಾದವುಗಳಲ್ಲಿರುವಂತೆ ಫ್ರೆಂಚ್ ಧಾತುರೂಪದ ಉಳಿಕೆ. ಚೈಲ್ಡಿಷ್, ರೆಡಿಷ್ ಎಂಬಲ್ಲಿನ ಪ್ರತ್ಯಯವೇ ಬೇರೆ ಎಂಬುದನ್ನು ತಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಒಳ್ಳೆಯದು.

ಬಳಕೆಯಲ್ಲಿ ಈ ಕ್ರಿಯಾಪದ ಸಕರ್ಮಕವೂ ಹೌದು, ಅಕರ್ಮಕವೂ ಹೌದು. ‘ಸಿಲ್ವರ್ ಟಾರ್ನಿಷಸ್ ಈಸಿಲಿ’ ಎಂದರೆ ಬೆಳ್ಳಿ ತಾನಾಗಿ ಕಂದುತ್ತದೆ. ‘ದ ಸ್ಕ್ಯಾಂಡಲ್ ಟಾರ್ನಿಷ್ಡ್ ಹಿಸ್ ರೆಪ್ಯುಟೇಷನ್’ ಎಂದರೆ ಹಗರಣವು ಅವನ ಹೆಸರನ್ನು ಕಂದಿಸಿತು. ಲೋಹವನ್ನು ಬಿಟ್ಟರೆ ಕೀರ್ತಿ, ವರ್ಚಸ್ಸು, ಪರಂಪರೆ ಮೊದಲಾದವುಗಳ ಜೊತೆ ಅದು ಹೆಚ್ಚಾಗಿ ಬರುತ್ತದೆ. ಇದರೊಡನೆ ಬೆರೆತುಹೋಗುವ ಇನ್ನೊಂದು ಪದ ‘ಲ್ಯಾಕ್‌ಲಸ್ಟರ್’. ಇದು ಗುಣವಾಚಕ, ಮೊದಲು ಕಾಂತಿ ಇತ್ತೇ ಇಲ್ಲವೇ ಎಂಬುದನ್ನು ಅದು ಕೇಳುವುದಿಲ್ಲ, ಈಗ ಇಲ್ಲ ಎಂದಷ್ಟೇ ಹೇಳುತ್ತದೆ. ಕ್ರಿಕೆಟ್ ತಂಡವೊಂದು ಸಪ್ಪೆಯಾಗಿ ಆಡಿದರೆ ಆಟ ‘ಲ್ಯಾಕ್‌ಲಸ್ಟರ್’ ಆಗುತ್ತದೆ. ಅದೇ ತಂಡದ ಆಟಗಾರರು ಹಣ ಪಡೆದು ಸೋತರೆಂದು ಗೊತ್ತಾದಾಗ ತಂಡದ ಹೆಸರು ‘ಟಾರ್ನಿಷ್’ ಆಗುತ್ತದೆ.

ಈಗ ‘ಹೆಸರಿಗೆ ತುಕ್ಕು ಹಿಡಿಯಿತು’ ಎಂಬ ವಾಕ್ಯಕ್ಕೆ ಬರೋಣ. ಅದನ್ನು ನಾನು ಒಪ್ಪಲಾರೆ. ಕನ್ನಡದಲ್ಲಿ ತುಕ್ಕು ಹಿಡಿಯುವುದು ಬಳಸದೆ ಬಿಟ್ಟದ್ದಕ್ಕೆ. ಓದು ಬಿಟ್ಟವನು ‘ತಲೆಗೆ ತುಕ್ಕು ಹಿಡಿದಿದೆ’ ಎನ್ನುತ್ತಾನೆ, ಕೆಲಸ ಮಾಡದ ಆಡಳಿತಯಂತ್ರಕ್ಕೂ ಅದೇ ಮಾತು. ಹಗರಣದಿಂದ ಕೆಟ್ಟ ಹೆಸರಿಗೆ ಆ ಮಾತು ಹೊಂದದು. ಕಳೆದುಕೊಂಡ ಹೊಳಪಿನ ಸುಳಿವೂ ಅದರಲ್ಲಿಲ್ಲ. ‘ಹೆಸರಿಗೆ ಮಸಿ ಬಳಿದರು’ ಎಂದು ತಿದ್ದಬಹುದೆಂದು ತಾವು ಸೂಚಿಸಿದ್ದೀರಿ. ಯಾರಾದರೂ ಆ ಅಪಕೀರ್ತಿಯನ್ನು ತಂದೊಡ್ಡಿದ್ದರೆ ಅದು ಸರಿ, ಆದರೆ ಮಸಿ ಬಳಿಯಲು ಕೈಯೊಂದು ಬೇಕು. ಬೆಳ್ಳಿಯನ್ನು ಕಂದಿಸಲು ಯಾವ ಕೈಯೂ ಬೇಕಿಲ್ಲ. ನಮ್ಮ ದಿನಪತ್ರಿಕೆಗಳು ನಿತ್ಯವೂ ಬರೆಯುವ ‘ವರ್ಚಸ್ಸು ಕುಂದಿತು’, ‘ವರ್ಚಸ್ಸಿಗೆ ಧಕ್ಕೆಯಾಯಿತು’ ಎಂಬ ಮಾತುಗಳೇ ಇಲ್ಲಿ ಹೆಚ್ಚು ನಿಖರವೆಂದು ನನ್ನ ಅಭಿಪ್ರಾಯ, ಏಕೆಂದರೆ ವರ್ಚಸ್ಸು ಎಂದರೆ ಮೂಲದಲ್ಲಿ ಕಾಂತಿಯೇ. ಲೋಹಗಳ ವಿಷಯದಲ್ಲಿ ಒಂದೇ ಪದವನ್ನು ಹುಡುಕುವ ಅಗತ್ಯವಿಲ್ಲ. ಬೆಳ್ಳಿ ಕಪ್ಪಾಗುತ್ತದೆ, ತಾಮ್ರ ಹಿತ್ತಾಳೆಗಳು ಕಿಲುಬು ಹಿಡಿಯುತ್ತವೆ. ಮನೆಮನೆಯಲ್ಲಿರುವ ಈ ಮಾತುಗಳನ್ನು ಬಿಟ್ಟು ನಿಘಂಟಿನಿಂದ ‘ಕಾಂತಿಹೀನವಾಗು’ ಎಂಬುದನ್ನು ತಂದು ಕೂರಿಸುವುದು ಅನುವಾದಕರಿಗೆ ಶೋಭಿಸದು.

ಭರಣಿಯನ್ನು ಬೆಳಗುವ ಕ್ರಮವನ್ನೂ ತಾವು ಕೇಳಿರುವುದರಿಂದ ಅದನ್ನೂ ತಿಳಿಸುತ್ತೇನೆ. ಪುಡಿ ಹಾಕಿ ಉಜ್ಜಿದರೆ ಕಪ್ಪು ಪದರದಲ್ಲಿ ಸೇರಿಹೋಗಿರುವ ಬೆಳ್ಳಿಯೂ ಸವೆದುಹೋಗುತ್ತದೆ. ಅದರ ಬದಲು ಪಾತ್ರೆಯೊಂದರ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಭರಣಿಯು ಹಾಳೆಗೆ ತಾಗುವಂತಿಟ್ಟು, ಅಡುಗೆ ಸೋಡಾ ಕರಗಿಸಿದ ಬಿಸಿನೀರನ್ನು ಮುಳುಗುವಷ್ಟು ಸುರಿಯಿರಿ. ಗಂಧಕವು ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಹಿಂದಿರುಗುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಗಾಬರಿಯಾಗಬೇಡಿ. ಹರಳು ಕೂರಿಸಿದ ವಸ್ತುಗಳಿಗೆ ಈ ಕ್ರಮ ಬೇಡ. ಭರಣಿಯ ಮೇಲೆ ಕೆತ್ತನೆಯಿದ್ದು, ಚಿತ್ತಾರ ಎದ್ದು ಕಾಣಲೆಂದು ಅದರ ಸಂದುಗಳನ್ನು ಅಕ್ಕಸಾಲಿಗರೇ ಕಪ್ಪಾಗಿಸಿದ್ದರೆ ನೀರಿಗಿಳಿಸದೆ, ಉಬ್ಬಿದ ಭಾಗಗಳನ್ನು ಮಾತ್ರ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ಆಮೇಲೆ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿಡಿ. ಚೀಲದ ಬಾಯಿಗೆ ರಬ್ಬರ್ ಬ್ಯಾಂಡ್ ಬೇಡ, ನೂಲು ಕಟ್ಟಿ.

– ಸಂಪಾದಕ