ಬಂಪರ್ ಹಿಂದಿನ ಏರ್ ಫಿಲ್ಟರ್‌ಗೆ ನೀರು ಹೋದ್ರೆ?

ಪ್ರಶ್ನೆ: ಸರ್, ನನ್ನ ಪೆಟ್ರೋಲ್ ಕಾರಿಗೆ ಆಫ್ಟರ್‌ಮಾರ್ಕೆಟ್ ಕೋಲ್ಡ್ ಏರ್ ಇಂಟೇಕ್ (ಹೊರಗಿನ ತಣ್ಣನೆ ಗಾಳಿ ಇಂಜಿನ್ನಿಗೆ ಎಳೆಯೋ ಪೈಪ್, ಫಿಲ್ಟರ್) ಹಾಕ್ಸಿದೀನಿ. ಕೋನ್ ಥರದ ಫಿಲ್ಟರ್ ಮುಂದಿನ ಬಂಪರ್ ಹಿಂದೆ, ಚಕ್ರದ ಪಕ್ಕದಲ್ಲಿ ಸಾಕಷ್ಟು ಕೆಳಗೇ ಕೂತಿದೆ. ಮೊನ್ನೆ ಜೋರು ಮಳೇಲಿ ಓಡಿಸ್ಕೊಂಡು ಬಂದು ನೋಡಿದ್ರೆ ಫಿಲ್ಟರ್ ಪೂರ್ತಿ ಒದ್ದೆ. ಗಾಡಿ ಏನೋ ಚೆನ್ನಾಗೇ ಓಡ್ತಿದೆ. ಫ್ರೆಂಡ್ಸ್ ಎಲ್ಲಾ ಇಂಜಿನ್ ಹೋಗುತ್ತೆ ತೆಗ್ಸಿಬಿಡು ಅಂತಾರೆ, ಹಾಕಿಕೊಟ್ಟೋರು ಏನೂ ಆಗಲ್ಲ ಅಂತಾರೆ. ಯಾರ ಮಾತು ನಂಬ್ಲಿ?

ಉತ್ತರ: ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ. ಮಳೆಗೆ ಫಿಲ್ಟರ್ ಒದ್ದೆ ಆಗೋದು ಬೇರೆ, ಫಿಲ್ಟರ್ ನೀರಲ್ಲಿ ಮುಳುಗೋದೇ ಬೇರೆ. ಎರಡೂ ಒಂದೇ ಅಂದ್ಕೊಂಡು ಮಾತಾಡೋದ್ರಿಂದಲೇ ಈ ವಿಷಯದಲ್ಲಿ ಇಷ್ಟು ಗಲಾಟೆ.

ಮೊದಲು ಒದ್ದೆ ವಿಷಯ. ಎಣ್ಣೆ ಹಚ್ಚಿರೋ ಕಾಟನ್ ಫಿಲ್ಟರ್ ಮೇಲೆ ನೀರು ಎರಚಿದ್ರೆ ಒಂದಷ್ಟು ಹೊರಗೇ ಜಾರಿ ಬೀಳುತ್ತೆ, ಒಳಗೆ ಹೋದ ಹನಿಗಳೂ ಗಾಳಿ ಜೊತೆ ಚೂರುಚೂರಾಗಿ ಹೋಗಿ ಸಿಲಿಂಡರ್ ಬಿಸಿಗೆ ಆವಿಯಾಗಿ ಸೈಲೆನ್ಸರ್ ಕಡೆಯಿಂದ ಆಚೆ ಬರುತ್ತೆ. ಅಷ್ಟು ನೀರಿಗೆ ಇಂಜಿನ್ನಿಗೆ ಏನೂ ಆಗಲ್ಲ. ಎರಡನೇ ಮಹಾಯುದ್ಧದ ಕೆಲವು ಯುದ್ಧವಿಮಾನಗಳಲ್ಲಿ ನೀರಿಗೆ ಮೆಥನಾಲ್ ಬೆರೆಸಿ ಬೇಕಂತಲೇ ಇಂಜಿನ್ನಿಗೆ ಬಿಡ್ತಿದ್ರು, ಬಿಎಂಡಬ್ಲ್ಯೂ ಎಂ4 ಜಿಟಿಎಸ್ ಕಾರಲ್ಲೂ ಒಳಗೆ ಹೋಗೋ ಗಾಳಿ ತಣ್ಣಗಾಗ್ಲಿ ಅಂತ ನೀರು ಸ್ಪ್ರೇ ಮಾಡೋ ಸಿಸ್ಟಮ್ ಇತ್ತು. ಹಾಗಾಗಿ ನಿಮ್ಮ ಗಾಡಿ ಮೊನ್ನೆ ಚೆನ್ನಾಗಿ ಓಡಿದ್ರಲ್ಲಿ ಆಶ್ಚರ್ಯ ಇಲ್ಲ.

ಆದ್ರೆ ಫಿಲ್ಟರ್ ಮುಳುಗಿದ್ರೆ ಕಥೆಯೇ ಬೇರೆ. ಸುತ್ತ ಗಾಳಿ ಇಲ್ಲ, ಇಂಜಿನ್ ಎಳೆಯೋದನ್ನ ನಿಲ್ಸಲ್ಲ, ಸ್ಟ್ರಾದಲ್ಲಿ ಹೀರಿದ ಹಾಗೆ ನೀರು ಪೈಪಲ್ಲಿ ಮೇಲೇರಿ ನೇರ ಸಿಲಿಂಡರಿಗೆ ಹೋಗುತ್ತೆ. ಎಷ್ಟು ನೀರು ಸಾಕು ಅಂತ ಒಂದು ಲೆಕ್ಕ ನೋಡಿ. 1200 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್ ಅಂದ್ರೆ ಒಂದೊಂದಕ್ಕೆ 300 ಸಿಸಿ, ಕಂಪ್ರೆಷನ್ ರೇಶಿಯೋ (ಪಿಸ್ಟನ್ ಕೆಳಗಿದ್ದಾಗ ಇರೋ ಜಾಗಕ್ಕೂ ಮೇಲಿದ್ದಾಗ ಉಳಿಯೋ ಜಾಗಕ್ಕೂ ಇರೋ ಅನುಪಾತ) 10:1 ಇದ್ರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆ ಮೇಲೆ ಉಳಿಯೋ ಜಾಗ ಬರೀ 33 ಮಿಲಿ. ಅಂದ್ರೆ ಎರಡು ದೊಡ್ಡ ಚಮಚಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಡೀಸೆಲ್ ಇಂಜಿನ್ನಲ್ಲಿ ರೇಶಿಯೋ 16:1 ಇದ್ರೆ ಅದೇ ಸೈಜಿನ ಸಿಲಿಂಡರಲ್ಲಿ 20 ಮಿಲಿ. ಗಾಳಿ ಆದ್ರೆ ಒತ್ತಿದಷ್ಟೂ ಕುಗ್ಗುತ್ತೆ, ನೀರು ಕುಗ್ಗಲ್ಲ, ಮೇಲೆ ಬರ್ತಿರೋ ಪಿಸ್ಟನ್ ಅಲ್ಲೇ ತಡೆದು ನಿಲ್ಲುತ್ತೆ, ಕೆಳಗಿಂದ ಕ್ರ್ಯಾಂಕ್ ತಳ್ತಾನೇ ಇರುತ್ತೆ, ಮಧ್ಯೆ ಸಿಕ್ಕಿಕೊಂಡ, ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸೋ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಇದನ್ನೇ ಹೈಡ್ರೋಲಾಕ್ ಅನ್ನೋದು. ಐಡಲಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ನೆ ಓಡ್ತಾ ಇದ್ದಾಗ ಆದ್ರೆ ಇಂಜಿನ್ ಸುಮ್ನೆ ಆಫ್ ಆಗಿ ಬಚಾವಾಗೋ ಚಾನ್ಸ್ ಇದೆ. 3000 ಆರ್‌ಪಿಎಂನಲ್ಲಿ ಆದ್ರೆ ರಾಡ್ ಮುರಿದು ಬ್ಲಾಕನ್ನೇ ಒಡ್ಕೊಂಡು ಆಚೆ ಬರಬಹುದು.

ಕಂಪನಿಯಿಂದ ಬಂದ ಏರ್‌ಬಾಕ್ಸಲ್ಲಿ (ಫಿಲ್ಟರ್ ಕೂರೋ ಡಬ್ಬಿ) ಗಾಳಿ ಎಳೆಯೋ ಬಾಯಿ ಸಾಮಾನ್ಯವಾಗಿ ಮೇಲ್ಗಡೆ, ರೇಡಿಯೇಟರ್ ತಲೆ ಹತ್ರನೋ ಹೆಡ್‌ಲೈಟ್ ಹಿಂದೆನೋ ಇರುತ್ತೆ, ಪೈಪಲ್ಲಿ ತಿರುವುಗಳಿರುತ್ತೆ, ಎಷ್ಟೋ ಗಾಡಿಗಳಲ್ಲಿ ಡಬ್ಬಿ ತಳದಲ್ಲಿ ನೀರು ಇಳಿದು ಹೋಗೋಕೆ ಸಣ್ಣ ತೂತೂ ಕೊಟ್ಟಿರ್ತಾರೆ. ಇದೆಲ್ಲ ಸುಮ್ನೆ ಇಟ್ಟಿದ್ದಲ್ಲ. ಕೋಲ್ಡ್ ಏರ್ ಇಂಟೇಕ್ ಹಾಕುವಾಗ ಬಾನೆಟ್ ಒಳಗಿನ ಬಿಸಿಯಿಂದ ದೂರ ಇರ್ಲಿ ಅಂತ ಫಿಲ್ಟರನ್ನ ಕೆಳಗೆ ಇಳಿಸ್ತಾರೆ, ಆ ಕಾರಣ ಸರೀನೇ, ಆದ್ರೆ ಈ ರಕ್ಷಣೆ ಎಲ್ಲಾ ಅದ್ರ ಜೊತೆಗೇ ಹೋಯ್ತು. ಬೇರೇನೂ ಕೆಲಸ ಮಾಡ್ಸದ ಇಂಜಿನ್ನಿಗೆ ಇದ್ರಿಂದ ಸಿಗೋ ಪವರ್ ತುಂಬಾ ಕಮ್ಮಿ, ಸೌಂಡ್ ಮಾತ್ರ ಚೆನ್ನಾಗಿ ಬರುತ್ತೆ, ಅದು ನಿಮಗೆ ಇಷ್ಟ ಅಂದ್ರೆ ಇಟ್ಕೊಳಿ, ತಪ್ಪೇನಿಲ್ಲ. ಆದ್ರೆ ನೀರು ನಿಲ್ಲೋ ರಸ್ತೇಲಿ ದಿನಾ ಓಡಾಡೋ ಗಾಡಿಗೆ ನಾನಂತೂ ಇದನ್ನ ಹಾಕಿ ಅನ್ನಲ್ಲ.

ಈಗ ನೀವು ಮಾಡ್ಬೇಕಾದ್ದು. ಫಿಲ್ಟರ್ ಬಿಚ್ಚಿ ನೆರಳಲ್ಲಿ ತಾನಾಗೇ ಒಣಗೋಕೆ ಬಿಡಿ, ಕಂಪ್ರೆಸರ್ ಗಾಳಿ ಹೊಡೀಬೇಡಿ, ಹೀಟರ್ ಮುಂದೆ ಇಡಬೇಡಿ, ಕಾಟನ್ ಹಾಳಾಗುತ್ತೆ. ಒಣಗಿದ ಮೇಲೆ ಎಣ್ಣೆ ಕಮ್ಮಿ ಅನ್ಸಿದ್ರೆ ತೆಳುವಾಗಿ ಹಚ್ಚಿ, ಜಾಸ್ತಿ ಆದ್ರೆ ಅದೇ ಎಣ್ಣೆ ಹೋಗಿ ಏರ್‌ಫ್ಲೋ ಸೆನ್ಸರಿಗೆ ಅಂಟುತ್ತೆ. ಬಿಚ್ಚಿರುವಾಗಲೇ ಪೈಪ್ ಒಳಗೆ ಟಾರ್ಚ್ ಹಾಕಿ ನೀರು, ಕೆಸರಿನ ಗುರುತು ಇದೆಯಾ ನೋಡಿ. ಆಮೇಲೆ ಚಕ್ರದ ಒಳಗಡೆ ಇರೋ ಪ್ಲಾಸ್ಟಿಕ್ ಲೈನರ್ ಇದೆಯಾ ನೋಡಿ, ಇಂಟೇಕ್ ಹಾಕುವಾಗ ಜಾಗ ಸಾಲ್ದೆ ಅದನ್ನ ಕತ್ತರಿಸೋರು, ವಾಪಸ್ ಹಾಕ್ದೇ ಬಿಡೋರು ಇದ್ದಾರೆ. ಅದಿಲ್ಲ ಅಂದ್ರೆ ಟೈರ್ ಎತ್ತೋ ನೀರೆಲ್ಲ ನೇರ ಫಿಲ್ಟರಿಗೇ, ನಿಮ್ಮದು ಪೂರ್ತಿ ಒದ್ದೆ ಆಗಿದ್ದಕ್ಕೆ ಇದೇ ಕಾರಣ ಇರಬಹುದು.

ಇನ್ನೊಂದು, ನೆಲದಿಂದ ಫಿಲ್ಟರ್ ತಳದವರೆಗೆ ಟೇಪ್ ಹಿಡಿದು ಅಳೆದಿಟ್ಕೊಳಿ. ಆ ಎತ್ತರದ ಹತ್ತಿರ ನೀರಿದ್ರೂ ಗಾಡಿ ಇಳಿಸ್ಬೇಡಿ, ಯಾಕಂದ್ರೆ ಗಾಡಿ ಹೋಗ್ತಾ ಮುಂದೆ ನೀರು ಉಬ್ಬುತ್ತೆ, ಎದುರಿಂದ ದೊಡ್ಡ ಗಾಡಿ ಬಂದ್ರೆ ಅಲೆ ಇನ್ನೂ ಮೇಲೆ ಬರುತ್ತೆ. ಕೆಲವು ಕಿಟ್‌ಗಳಲ್ಲಿ ಪೈಪ್ ಎರಡು ತುಂಡಾಗಿ ಬರುತ್ತೆ, ಕೆಳಗಿನ ತುಂಡು ಬಿಚ್ಚಿ ಫಿಲ್ಟರನ್ನ ಬಾನೆಟ್ ಒಳಗೇ ಕೂರಿಸಬಹುದು. ಗಾಳಿ ಸ್ವಲ್ಪ ಬಿಸಿ ಸಿಗುತ್ತೆ ನಿಜ, ಮಳೆಗಾಲ ಮುಗಿಯೋವರೆಗೆ ಹಾಗೇ ಇರ್ಲಿ. ಇಲ್ಲಾಂದ್ರೆ ಹಳೇ ಏರ್‌ಬಾಕ್ಸನ್ನೇ ಹಾಕಿ, ಅದನ್ನ ಎಸೆದಿಲ್ಲ ಅಂದ್ಕೊಂಡಿದೀನಿ.

ಪ್ರಶ್ನೆ: ಫಿಲ್ಟರಿಗೆ ವಾಟರ್ ರಿಪೆಲೆಂಟ್ ಕವರ್ ಸಿಗುತ್ತೆ, ಬೈಪಾಸ್ ವಾಲ್ವ್ ಅಂತಲೂ ಸಿಗುತ್ತೆ. ಎರಡೂ ಹಾಕ್ಸಿದ್ರೆ ನೀರಲ್ಲಿ ಧೈರ್ಯವಾಗಿ ಹೋಗಬಹುದಾ? ನನ್ನದು ಟರ್ಬೋ ಪೆಟ್ರೋಲ್.

ಉತ್ತರ: ಕವರ್ ಹಾಕ್ಸಿ, ಎರಚೋ ನೀರು, ಕೆಸರು ತಡೆಯೋಕೆ ಒಳ್ಳೇದು. ಆದ್ರೆ ಮುಳುಗಿದ ಫಿಲ್ಟರಿಗೆ ಅದ್ರಿಂದ ಪ್ರಯೋಜನ ಇಲ್ಲ, ಇಂಜಿನ್ ಎಳೆಯೋ ಜೋರಿಗೆ ಬಟ್ಟೆ ನಿಲ್ಲಲ್ಲ. ಬೈಪಾಸ್ ವಾಲ್ವ್ ಕೆಲಸ ಮಾಡೋ ರೀತಿ ಬೇರೆ. ಪೈಪಿನ ಮೇಲ್ಭಾಗದಲ್ಲಿ ಕೂರುತ್ತೆ, ಕೆಳಗೆ ಫಿಲ್ಟರ್ ಮುಚ್ಕೊಂಡು ಪೈಪಲ್ಲಿ ಎಳೆತ ಜಾಸ್ತಿ ಆದಾಗ ತಾನೇ ತೆರ್ಕೊಂಡು ಮೇಲಿಂದ ಗಾಳಿ ಬಿಡುತ್ತೆ, ನೀರು ಮೇಲೇರಲ್ಲ. ನೀರು ವಾಲ್ವ್ ಮಟ್ಟಕ್ಕೇ ಬಂದ್ರೆ ಅದೂ ಕೈ ಕೊಡುತ್ತೆ. ಟರ್ಬೋ ಅಥವಾ ಸೂಪರ್‌ಚಾರ್ಜರ್ (ಗಾಳಿಯನ್ನ ಒತ್ತಿ ಇಂಜಿನ್ನಿಗೆ ತುಂಬೋ ಸಾಧನ) ಇರೋ ಇಂಜಿನ್ನಿಗೆ ಇದನ್ನ ಹಾಕಬಾರದು, ಹಾಗಾಗಿ ನಿಮಗೆ ಆ ದಾರಿ ಇಲ್ಲ. ನಿಮ್ಮ ಗಾಡೀಲಿ ಇಂಟರ್‌ಕೂಲರ್ (ಟರ್ಬೋದಿಂದ ಬರೋ ಬಿಸಿ ಗಾಳಿ ತಣ್ಣಗೆ ಮಾಡೋ ಭಾಗ) ಬೇರೆ ಇದೆ, ಒಮ್ಮೆ ನೀರು ಒಳಗೆ ಹೋದ್ರೆ ಅದ್ರ ತಳದಲ್ಲಿ ನಿಂತುಬಿಡುತ್ತೆ, ಪ್ಲಗ್ ಬಿಚ್ಚಿ ಸಿಲಿಂಡರ್ ಖಾಲಿ ಮಾಡಿದ್ರೂ ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ಆ ನೀರು ಒಟ್ಟಿಗೆ ನುಗ್ಗಬಹುದು. ಹಾಗೇನಾದ್ರೂ ಆದ್ರೆ ಇಂಟರ್‌ಕೂಲರನ್ನೂ ಪೈಪುಗಳನ್ನೂ ಬಿಚ್ಚಿ ನೀರು ತೆಗೀರಿ ಅಂತ ಮೆಕ್ಯಾನಿಕ್‌ಗೆ ಮರೀದೆ ಹೇಳಿ.

ಪ್ರಶ್ನೆ: ನಿಂತ ನೀರಲ್ಲಿ ಹೋಗ್ತಿರುವಾಗ ನನ್ನ ಕಾರು ಆಫ್ ಆಯ್ತು. ಗಾಬರೀಲಿ ಎರಡು ಮೂರು ಸಲ ಸೆಲ್ಫ್ ಹೊಡೆದೆ, ಟಕ್ ಅಂತ ನಿಂತ್ಕೊಳ್ತು. ಗ್ಯಾರೇಜಲ್ಲಿ ಪ್ಲಗ್ ಬಿಚ್ಚಿ ನೀರು ತೆಗೆದು ಸ್ಟಾರ್ಟ್ ಮಾಡಿಕೊಟ್ರು, ಈಗ ಓಡ್ತಿದೆ, ಆದ್ರೆ ಐಡಲಲ್ಲಿ ಅದುರುತ್ತೆ, ಒಳಗಿಂದ ಸಣ್ಣ ಟಕಟಕ ಸದ್ದು. ಸರಿ ಹೋಗುತ್ತಾ?

ಉತ್ತರ: ದಯವಿಟ್ಟು ಇವತ್ತಿಂದಲೇ ಓಡಿಸೋದು ನಿಲ್ಸಿ. ಗಾಬರೀಲಿ ಸೆಲ್ಫ್ ಹೊಡೆಯೋದು ಸಹಜ, ಯಾರಾದ್ರೂ ಮಾಡ್ತಾರೆ, ಆದ್ರೆ ನೀವು ಹೇಳೋ ಲಕ್ಷಣ ನೋಡಿದ್ರೆ ಒಂದು ರಾಡ್ ಸ್ವಲ್ಪ ಬಗ್ಗಿರೋ ಹಾಗಿದೆ. ಬಗ್ಗಿದ ರಾಡ್ ಗಿಡ್ಡ ಆಗುತ್ತೆ, ಪಿಸ್ಟನ್ ಮೊದಲಿನಷ್ಟು ಮೇಲೆ ಬರಲ್ಲ, ಆ ಸಿಲಿಂಡರಿನ ಕಂಪ್ರೆಷನ್ ಬಿದ್ದುಹೋಗುತ್ತೆ, ಅದುರೋದು ಅದಕ್ಕೇ. ಹೀಗಿರೋ ಇಂಜಿನ್ ಸುಮಾರು ದಿನ ಓಡಿ ಆಮೇಲೆ ಒಂದಿನ ಸ್ಪೀಡಲ್ಲಿ ಇರುವಾಗ ರಾಡ್ ಮುರಿಯೋದುಂಟು, ಆಗ ಬ್ಲಾಕೂ ಉಳಿಯಲ್ಲ.

ಟೋ ಮಾಡ್ಸಿ ಗ್ಯಾರೇಜಿಗೆ ಕಳ್ಸಿ, ಎಲ್ಲಾ ಸಿಲಿಂಡರಿಗೂ ಕಂಪ್ರೆಷನ್ ಟೆಸ್ಟ್ ಮಾಡ್ಸಿ, ಒಂದರಲ್ಲಿ ಮಾತ್ರ ಎದ್ದು ಕಾಣೋ ಹಾಗೆ ಕಮ್ಮಿ ಬಂದ್ರೆ ಪ್ಲಗ್ ತೂತಿಂದ ಕ್ಯಾಮೆರಾ ಬಿಟ್ಟು ನೋಡೋಕೆ ಹೇಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿದ ಸಿಲಿಂಡರ್‌ಗಳಿಗಿಂತ ಕೆಳಗೇ ನಿಂತ್ರೆ ಸಂಶಯವೇ ಬೇಡ. ಡಿಪ್‌ಸ್ಟಿಕ್ಕೂ ತೆಗೆದು ನೋಡಿ, ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ರೆ ನೀರು ಸೇರಿದೆ ಅಂತ ಅರ್ಥ, ಎಣ್ಣೆ ಮತ್ತೆ ಆಯಿಲ್ ಫಿಲ್ಟರ್ ಬದಲಾಯಿಸದೆ ಸ್ಟಾರ್ಟ್ ಮಾಡೋಕೆ ಬಿಡಬೇಡಿ. ಈ ಹಂತದಲ್ಲೇ ಸಿಕ್ಕಿಬಿದ್ರೆ ಇಂಜಿನ್ ಬಿಚ್ಚಿ ಆ ಒಂದು ರಾಡ್, ಪಿಸ್ಟನ್, ಬೇರಿಂಗ್ ಬದಲಾಯಿಸಿ ಸರಿ ಮಾಡೋ ಸಾಧ್ಯತೆ ಇನ್ನೂ ಇದೆ. ಇನ್ಶೂರೆನ್ಸ್ ಇದ್ರೆ ಇಂಜಿನ್ ಬಿಚ್ಚೋಕೆ ಮುಂಚೆನೇ ಅವರಿಗೆ ತಿಳ್ಸಿ, ಆಫ್ಟರ್‌ಮಾರ್ಕೆಟ್ ಇಂಟೇಕ್ ಏನಾದ್ರೂ ಹಾಕ್ಸಿದ್ರೆ ಅದನ್ನೂ ಮುಚ್ಚಿಡದೆ ಹೇಳಿ, ನೀರಲ್ಲಿ ನಿಂತ ಜಾಗದ್ದು, ಗಾಡೀದು ಫೋಟೋ ಇದ್ರೆ ಎತ್ತಿಟ್ಕೊಳಿ.