ಎರಡನೆಯ ಆಸಿಲೇಟರ್ ಮೊದಲೋ, ಎರಡನೆಯ ವಿಸಿಎ ಮೊದಲೋ?

ಪ್ರಶ್ನೆ: ಹಲವು ವರ್ಷಗಳಿಂದ ಕೀಬೋರ್ಡ್ ನುಡಿಸುತ್ತಿದ್ದೇನೆ, ಕರ್ನಾಟಕ ಸಂಗೀತವನ್ನೂ ಅಲ್ಪಸ್ವಲ್ಪ ಕಲಿತಿದ್ದೇನೆ. ಈಗ ಯೂರೋರ್ಯಾಕ್ ಮಾದರಿಯ ಮಾಡ್ಯುಲರ್ ಸಿಂಥಸೈಜರ್ (ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ಗಳಿಂದ ಜೋಡಿಸಿ ನುಡಿಸುವ ವಿದ್ಯುನ್ಮಾನ ವಾದ್ಯ) ಒಂದನ್ನು ಹಂತಹಂತವಾಗಿ ಕೂಡಿಸಬೇಕೆಂದಿದ್ದೇನೆ. ನಾದ ಹೊರಡಿಸುವ ಮೂರು ಆಸಿಲೇಟರ್, ನಾದದ ಬಣ್ಣ ಬದಲಿಸುವ ಒಂದು ಫಿಲ್ಟರ್, ಅನುರಣನ ಕೊಡುವ ಒಂದು ರಿವರ್ಬ್ ಎಂದು ಪಟ್ಟಿ ಮಾಡಿಕೊಂಡಿದ್ದೇನೆ. ಆರಂಭಕ್ಕೆ ಇಷ್ಟು ಸಾಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಈ ಐದನ್ನೂ ತಂದು ಜೋಡಿಸಿದರೆ ನಿಮಗೆ ದೊರೆಯುವುದು ಬಹಳ ದುಬಾರಿಯಾದ ಒಂದು ಶ್ರುತಿಪೆಟ್ಟಿಗೆ. ವಿದ್ಯುತ್ ಹರಿದೊಡನೆ ಆಸಿಲೇಟರಿನಿಂದ ನಾದ ಹೊರಡುತ್ತದೆ, ಸ್ವಿಚ್ ಆರಿಸುವವರೆಗೂ ನಿಲ್ಲುವುದಿಲ್ಲ. ಆ ನಾದಕ್ಕೆ ಒಂದು ಆರಂಭವನ್ನೂ ಒಂದು ಮುಕ್ತಾಯವನ್ನೂ ಕೊಡುವುದು ವಿಸಿಎ, ಅಂದರೆ ವೋಲ್ಟೇಜಿಗೆ ತಕ್ಕಂತೆ ಧ್ವನಿಯ ಮಟ್ಟವನ್ನು ಏರಿಳಿಸುವ ಮಾಡ್ಯೂಲ್, ಮತ್ತು ಅದಕ್ಕೆ ಆ ವೋಲ್ಟೇಜನ್ನು ಕಳಿಸುವ ಎನ್ವಲಪ್. ನಿಮ್ಮ ಪಟ್ಟಿಯಲ್ಲಿ ಇವೆರಡೂ ಇಲ್ಲ.

ನಾನಾದರೆ ಒಂದು ಆಸಿಲೇಟರ್, ಒಂದು ಫಿಲ್ಟರ್, ಎರಡು ಎನ್ವಲಪ್, ಒಂದು ಎಲ್‌ಎಫ್‌ಒ, ಎರಡು ವಿಸಿಎ, ಜೊತೆಗೆ ನಿಮ್ಮ ಕೀಬೋರ್ಡಿನ ಮಿಡಿ ಸಂಕೇತವನ್ನು ವೋಲ್ಟೇಜಾಗಿ ಬದಲಿಸುವ ಒಂದು ಮಾಡ್ಯೂಲ್, ಇಷ್ಟರಿಂದ ಆರಂಭಿಸುತ್ತೇನೆ. ಯೂರೋರ್ಯಾಕ್ ಪದ್ಧತಿಗೆ 1990ರ ದಶಕದಲ್ಲಿ ನಾಂದಿ ಹಾಡಿದ ಜರ್ಮನಿಯ ಡೊಪ್ಫರ್ ಕಂಪನಿಯ ಎ-100 ಸರಣಿಯಲ್ಲಿ ಇವೆಲ್ಲವೂ ಸರಳ ರೂಪದಲ್ಲಿವೆ. ಅದರ ಎ-132-3 ಎಂಬ ಒಂದೇ ಮಾಡ್ಯೂಲಿನಲ್ಲಿ ಎರಡು ವಿಸಿಎಗಳಿವೆ.

ಎರಡನೆಯ ವಿಸಿಎ ಏಕೆಂದು ನೀವು ಕೇಳಬಹುದು. ಎಲ್‌ಎಫ್‌ಒ ನಿಧಾನವಾಗಿ ತೂಗಾಡುವ ವೋಲ್ಟೇಜನ್ನು ಕೊಡುತ್ತದೆ. ಅದನ್ನು ನೇರವಾಗಿ ಆಸಿಲೇಟರಿಗೆ ಕೊಟ್ಟರೆ ಸ್ವರವು ಮೊದಲ ಕ್ಷಣದಿಂದಲೇ ಒಂದೇ ಪ್ರಮಾಣದಲ್ಲಿ ನಡುಗುತ್ತದೆ, ಕೇಳಲು ಯಾಂತ್ರಿಕವಾಗಿರುತ್ತದೆ. ಅದೇ ಎಲ್‌ಎಫ್‌ಒವನ್ನು ಎರಡನೆಯ ವಿಸಿಎ ಮೂಲಕ ಹಾಯಿಸಿ, ಆ ವಿಸಿಎಯನ್ನು ನಿಧಾನವಾಗಿ ಏರುವ ಎರಡನೆಯ ಎನ್ವಲಪ್ಪಿನಿಂದ ತೆರೆಸಿದರೆ, ಸ್ವರವು ಮೊದಲು ನೆಟ್ಟಗೆ ನಿಂತು, ಎಳೆದಷ್ಟೂ ಕಂಪನವನ್ನು ಕೂಡಿಸಿಕೊಳ್ಳುತ್ತದೆ. ಇದನ್ನು ಕಂಪಿತ ಗಮಕವೆಂದರೆ ವಿದ್ವಾಂಸರು ಒಪ್ಪಲಾರರು, ನಾನೂ ಒಪ್ಪುವುದಿಲ್ಲ. ಆದರೆ ಮೂರು ಆಸಿಲೇಟರ್‌ಗಳನ್ನು ಕೂಡಿಸಿ ಬರುವ ದಪ್ಪ ನಾದಕ್ಕಿಂತ ಇದರಲ್ಲಿ ಜೀವವಿದೆ.

ಸಂಗೀತ ಕಲಿತವರಾದ್ದರಿಂದ ಇನ್ನೊಂದು ಮಾತು. ಈ ಪದ್ಧತಿಯಲ್ಲಿ 1 ವೋಲ್ಟ್ ಎಂದರೆ ಒಂದು ಸ್ಥಾಯಿ. ಕೀಬೋರ್ಡಿನ ಪಂಚಮವು ಷಡ್ಜದಿಂದ ಸುಮಾರು 0.583 ವೋಲ್ಟ್ ಮೇಲಿದ್ದರೆ, ತಂಬೂರಿಯ ಶುದ್ಧ ಪಂಚಮವು ಸುಮಾರು 0.585 ವೋಲ್ಟ್ ಮೇಲಿರುತ್ತದೆ. ಮುಂದೆ ಎರಡನೆಯ ಆಸಿಲೇಟರ್ ಕೊಂಡಾಗ ಅದರ ಗುಂಡಿಯನ್ನು ಕಿವಿಯಿಂದಲೇ ತಿರುಗಿಸಿ ಪಂಚಮಕ್ಕೆ ಸೇರಿಸಿ. ಅನಲಾಗ್ ಆಸಿಲೇಟರ್ ಬಿಸಿಯೇರುವವರೆಗೆ ಶ್ರುತಿ ಜಾರುವುದರಿಂದ, ಶ್ರುತಿ ಸೇರಿಸುವ ಮೊದಲು ಕಾಲು ಗಂಟೆಯಾದರೂ ಕಾಯಬೇಕು.

ಮಾಡ್ಯೂಲ್‌ಗಳನ್ನು ಕೂರಿಸುವ ಪೆಟ್ಟಿಗೆಯ ಅಗಲವನ್ನು ಎಚ್‌ಪಿ ಎಂಬ ಅಳತೆಯಲ್ಲಿ ಹೇಳುತ್ತಾರೆ. 1 ಎಚ್‌ಪಿ 5.08 ಮಿಲಿಮೀಟರ್, 84 ಎಚ್‌ಪಿ ಅಗಲದ ಒಂದು ಸಾಲು ನಿಮಗೆ ಸದ್ಯಕ್ಕೆ ಧಾರಾಳ. ಪ್ರತಿಯೊಂದು ಮಾಡ್ಯೂಲ್ ಎಷ್ಟು ಮಿಲಿಆಂಪಿಯರ್ ಎಳೆಯುತ್ತದೆ ಎಂಬುದನ್ನು +12 ಮತ್ತು −12 ವೋಲ್ಟ್ ಪೂರೈಕೆಗಳಿಗೆ ಬೇರೆಬೇರೆಯಾಗಿ ಕೂಡಿಸಿ, ಅದಕ್ಕಿಂತ ಕಾಲುಭಾಗವಾದರೂ ಹೆಚ್ಚು ಒದಗಿಸುವ ವಿದ್ಯುತ್ ಪೂರೈಕೆಯನ್ನು ಆರಿಸಿ. ಮಾಡ್ಯೂಲಿಗೆ ವಿದ್ಯುತ್ ಒಯ್ಯುವ ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ −12 ವೋಲ್ಟ್ ಕಡೆಯದು. ಒಮ್ಮೆ ರಾತ್ರಿ ಹನ್ನೊಂದಕ್ಕೆ ಅವಸರದಲ್ಲಿ ನಾನು ಅದನ್ನು ತಿರುಗುಮುರುಗಾಗಿ ಸಿಕ್ಕಿಸಿದ್ದೆ. ಸುಟ್ಟ ವಾಸನೆ ಮೊದಲು ಬಂದಿತು, ತಪ್ಪೆಲ್ಲಿ ಎಂಬುದು ಆಮೇಲೆ ತಿಳಿಯಿತು.

ಹಣ ಹಾಕುವ ಮೊದಲು, ಮಾಡ್ಯುಲರ್ ಸಿಂಥಸೈಜರನ್ನು ಅನುಕರಿಸುವ ವಿಸಿವಿ ರ್ಯಾಕ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು, ಮೇಲೆ ಹೇಳಿದ ಮಾಡ್ಯೂಲ್‌ಗಳನ್ನು ಮಾತ್ರ ಇಟ್ಟುಕೊಂಡು ಒಂದು ತಿಂಗಳು ನುಡಿಸಿ ನೋಡಿ. ಯಾವುದು ಇಲ್ಲದೆ ನಿಮ್ಮ ಕೈ ಕಟ್ಟಿದಂತಾಗುತ್ತದೋ ಅದೇ ನಿಮ್ಮ ಮುಂದಿನ ಖರೀದಿ. ರಿವರ್ಬನ್ನು ಸದ್ಯ ಧ್ವನಿಮುದ್ರಣದ ತಂತ್ರಾಂಶದಲ್ಲೇ ಸೇರಿಸಿಕೊಳ್ಳಬಹುದು. ಆದರೆ ಯೂರೋರ್ಯಾಕ್‌ನ ಸಂಕೇತವು ಸಾಮಾನ್ಯ ಧ್ವನಿ ಉಪಕರಣಗಳ ಲೈನ್ ಮಟ್ಟಕ್ಕಿಂತ ಬಹಳ ಪ್ರಬಲವಾಗಿರುವುದರಿಂದ, ಕೇಬಲ್ ಚುಚ್ಚುವ ಮುನ್ನ, ಧ್ವನಿಯನ್ನು ಕಂಪ್ಯೂಟರಿಗೆ ಕಳಿಸುವ ಆಡಿಯೊ ಇಂಟರ್‌ಫೇಸಿನ ಗೇನ್ ಗುಂಡಿಯನ್ನು ಪೂರ್ತಿ ಇಳಿಸಿಟ್ಟಿರಿ.